ನೂರಾ ನಲವತ್ತು ಗ್ರಾಂ

ಗಿಣಿಗೇರಿ ದಾಟಿ ಕೊಪ್ಪಳದ ಕಡೆ ಹೋಗುವಾಗ
ಎಡಕ್ಕ ಒಂದು ತಗಡಿನ ಶೆಡ್ಡು ಕಾಣತೈತಿ, ಅದು ನಂದು.
ಬಾಗಲ ಮುಂದ ಸತ್ತ ಟೈರುಗಳ ಗುಡ್ಡಿ,
ತಗಡಿನ ಮ್ಯಾಲ ಫ್ಯಾಕ್ಟರಿ ಮಸಿ,
ಮಸಿಯೊಳಗ ಬೆರಳಿಲೆ ಬರೆದ ಬೋರ್ಡು:
ಬ್ಯಾಲೆನ್ಸ್ ಮಾಡಲಾಗುವುದು.
ಮಳಿ ಬಂದ್ರ ಅಳಿಸಿ ಹೋಗತೈತಿ, ಮತ್ತ ಬರೀತೀನಿ.

ಅದಿರು ಲಾರಿಯವರು ಬ್ಯಾಲೆನ್ಸ್ ಕೇಳೂದಿಲ್ಲ.
ಗಾಲಿ ನಡುಗೂದು ಅವರಿಗೆ ಒಂದು ಸುದ್ದಿನೇ ಅಲ್ಲ.
ಪಂಚರ್ ಹಾಕು, ಗಾಳಿ ಹೊಡಿ, ಚಾ ಎಲ್ಲೈತಿ,
ಅಷ್ಟ.

ಮೊನ್ನೆ ಶನಿವಾರ ಒಂದು ಮನಿ ಬಂತು.
ಖರೇನ. ಬಸ್ಸಿನಷ್ಟು ಉದ್ದ, ಬಿಳೇದು,
ಕಿಟಕಿಗೆ ಪರದೆ, ಹಿಂದ ಏಣಿ, ನೆತ್ತಿ ಮ್ಯಾಲ ನೀರಿನ ಟಾಕಿ,
ಬಾಗಲದಾಗ ಕಾಲೊರಸು, ಅದರ ಮ್ಯಾಲ ಒಂದು ಜೋಡು ಚಪ್ಪಲಿ.
ಇಳಿದಾಕಿ ಸೊಲ್ಲಾಪುರದ ಹಲ್ಲಿನ ಡಾಕ್ಟರು, ಅನಸೂಯಾ ಬಿರಾಜದಾರ.
ಗಂಡ ಸ್ಟೇರಿಂಗ್ ಹಿಡಿದು ಕುಂತಲ್ಲೇ ಕುಂತಿದ್ದ,
ಅಂಗೈಗೆ ಜೋಮು ಹಿಡಿದೈತಂತ.
"ಅರವತ್ತರ ತನಕ ಸುಮ್ನಿರತೈತ್ರೀ.
ಎಂಬತ್ತಕ್ಕ ಏರಿದ್ರ
ಫ್ರಿಜ್ಜಿನ್ಯಾಗಿನ ಮೊಸರು ಮಜ್ಜಿಗಿ ಆಗತೈತಿ."
ರಾಜಾಬಕ್ಷಿ ನಕ್ಕ. ನಾ ನಗಲಿಲ್ಲ.
ಮಜ್ಜಿಗಿ ಅಂದ ಮ್ಯಾಲ ರೋಗ ಮುಂದಿನ ಗಾಲ್ಯಾಗೈತಿ.

ಜಾಕ್ ಇಟ್ಟು ಮನಿ ಎತ್ತಿದಿವಿ.
ಒಳಗ ಯಾರೋ ಅಡ್ಡಾಡಿದ್ರು, ಇಡೀ ಮನಿ ಅಲ್ಲಾಡ್ತು.
"ಯಾರದು?"
"ನಮ್ಮತ್ತಿ. ಒಗ್ಗರಣಿ ಹಾಕ್ಲಿಕತ್ತಾರ."
"ಒಂದ್ ಗಳಿಗಿ ನಿಲ್ಲಾಕ ಹೇಳ್ರಿ."
ಸಾಸಿವಿ ಸಿಡಿಯೂ ಸಪ್ಪಳ ನಿಂತ ಮ್ಯಾಲ
ಗಾಲಿ ತಿರುವಿ ಬಿಟ್ಟೆ, ಬಾವಿ ರಾಟಿ ಬಿಟ್ಟಂಗ.
ತಿರಿಗಿ ತಿರಿಗಿ, ಹಿಂದಕ್ಕ ಒಂದು ಜೋಲಿ ಹೊಡೆದು, ನಿಂತಿತು.
ಕೆಳಗ ಬಂದ ಜಾಗಕ್ಕ ಸುಣ್ಣದ ಕಡ್ಡಿಲೆ ಗೀರಿದೆ.
ಮತ್ತ ತಿರುವಿದೆ. ಅದ ಗೀರು ಕೆಳಗ ಬಂತು,
ಕರದ ಕೂಡ್ಲೆ ಬರೂ ಎಮ್ಮಿಯಂಗ.

ಕೈ ಹಾಕಿದ್ರ ರಿಮ್ಮಿನ ಒಳಮೈಗೆ ಹೆಂಟಿ.
ಯಲಬುರ್ಗಾದ ಎರಿ, ಒಣಗಿ ಕಲ್ಲಾಗಿತ್ತು.
"ಹಸಿ ಹೊಲದಾಗ ಸಿಕ್ಕೊಂಡಿದ್ರೇನು?"
ಗಂಡ ಮಾರಿ ಆಚಿ ಹೊಳ್ಳಿಸಿದ.
"ಸನೇಕ ದಾರಿ ಅಂತ ಹೋದ್ರು" ಅಂದ್ಲು ಆಕಿ,
"ಟ್ರ್ಯಾಕ್ಟರ್ ಬಂದು ಎಳೀತು."
ಉಳೀಲೆ ಕೆತ್ತಿ ತೆಗೆದೆ, ಒಂದು ಬೋಗುಣಿ ತುಂಬ.

ಆದ್ರೂ ಗೀರು ಕೆಳಗ ಬಂತು. ಈ ಸಲ ತಟಗು ತಡದು ಬಂತು.
ಉಳಿದದ್ದು ಟೈರಿನ ಹುಟ್ಟು ಭಾರ. ಕೆತ್ತಾಕ ಬರೂದಿಲ್ಲ.
ಅದರ ಎದುರಿಗೆ, ಹಗುರ ಇದ್ದ ಕಡೆ, ಸೀಸ ಹಚ್ಚಬೇಕು.

ಸೀಸ ನನಗ ಹೊಸಾದಲ್ಲ.
ಮುನಿರಾಬಾದ ಹಿನ್ನೀರಿನ್ಯಾಗ ನಮ್ಮಪ್ಪ ಬಲಿ ಬೀಸತಿದ್ದ,
ಬಲಿ ಅಂಚಿಗೆ ಗುಂಡು ಪೋಣಿಸೂದು ನನ್ನ ಕೆಲಸ.
ಒಂದು ಕಡೆ ಹೆಚ್ಚಾದ್ರ ಬಲಿ ಸೊಟ್ಟ ಬೀಳತಿತ್ತು.
ಅಪ್ಪ ಬೈತಿದ್ದಿಲ್ಲ,
ಖಾಲಿ ಬಲಿ ತಂದು ನನ್ನ ಮುಂದ ಹರವತಿದ್ದ.
ಅದಕ್ಕಿಂತ ಬೈದಿದ್ರ ಚಲೋ ಇತ್ತು.

ಅಂಗೈಯಾಗ ತೂಗಿ ನೋಡಿದೆ. "ನೂರಾ ಐವತ್ತು."
ರಾಜಾಬಕ್ಷಿ ತಕ್ಕಡಿ ತಂದ.
"ಹುಲಿಗೆಮ್ಮಕ್ಕ, ನೂರಾ ನಲವತ್ತು."
ಹತ್ತು ಗ್ರಾಂ ವಯಸ್ಸಾತು ನನ್ನ ಕೈಗೆ.

ಹಚ್ಚಿ ತಿರುವಿದೆ. ಗೀರು ಬಲಕ್ಕ ನಿಂತಿತು.
ಇನ್ನೊಮ್ಮೆ. ನೆತ್ತಿ ಮ್ಯಾಲ ನಿಂತಿತು.
ಕೆಳಗ ಯಾವುದು ಅನ್ನೂದು ಅದಕ್ಕೀಗ ಮರತಿತ್ತು.

ನೋಡಾಕ ನಾನೂ ಹತ್ತಿದೆ, ಚಪ್ಪಲಿ ಬಿಟ್ಟು.
ಅತ್ತಿ ಮೊಸರಿನ ಬಟ್ಟಲ ನನ್ನ ತೊಡಿ ಮ್ಯಾಲ ಇಟ್ರು.
ಅರವತ್ತು. ಎಪ್ಪತ್ತು.
ಅಡಗಿಮನಿ ಕಿಟಕ್ಯಾಗ ನನ್ನ ಶೆಡ್ಡು ಹಿಂದ ಸರೀತು,
ಯಾರದೋ ಶೆಡ್ಡಿನಂಗ, ಸಣ್ಣದು, ಮಸಿ ಹಿಡಿದದ್ದು.
ಎಂಬತ್ತೈದು. ಯಾರೂ ಮಾತಾಡಲಿಲ್ಲ.
ಕೆನಿ ಮ್ಯಾಲ ಒಂದು ಸುಕ್ಕು ಸೈತ ಏಳಲಿಲ್ಲ.

ಕೊಪ್ಪಳದ ಬೈಪಾಸಿಗೆ ಇಳಿಸಿ ಹೋದ್ರು.
ವಾಪಸ್ ಬರಾಕ ಖಾಲಿ ಲಾರಿ ಹತ್ತಿದೆ.
ಅದರ ಸ್ಟೇರಿಂಗು, ಬಾಗಲ, ಕನ್ನಡಿ, ನಿಂಬಿಹಣ್ಣು,
ಎಲ್ಲಾ ಗಡಗಡ ನಡುಗತಿದ್ವು.
"ಅಣ್ಣ, ನಿನ್ನ ಮುಂದಿನ ಗಾಲಿ..." ಅಂದೆ.
"ಹಾಡು ಜೋರ ಇಟ್ರ ಗೊತ್ತಾಗಂಗಿಲ್ಲಕ್ಕ" ಅಂದು
ಜೋರ ಇಟ್ಟ.