ಅಡಿಟಿಪ್ಪಣಿ ಹದಿನಾಲ್ಕು

ಚಿತ್ರದುರ್ಗ, ಜಿಲ್ಲಾ ಪಂಚಾಯ್ತಿ, ಮೂರನೇ ಮಹಡಿ.
ಫ್ಯಾನಿಗೆ ಹಾರದಿರಲೆಂದು
ಹಾಳೆಗಳ ಮೇಲೆ ನೀರಿನ ಬಾಟಲಿ.
ಶುದ್ಧ ನೀರಿನ ಘಟಕಗಳ ಮೌಲ್ಯಮಾಪನ ವರದಿಗೆ
ಕೊನೆಯ ಪುಟ ಬರೆಯುತ್ತಿದ್ದೇನೆ.

ಲೆಕ್ಕ ಮಾಡಿದ್ದು: ಆರ್, ಆವೃತ್ತಿ ನಾಲ್ಕು ಬಿಂದು ಒಂದು. ಬರೆದೆ.
ವಿಧಾನ: ಘಟಕ ಇದ್ದೂರು, ಇಲ್ಲದೂರು, ಮುಂಚೆ, ಆಮೇಲೆ,
ವ್ಯತ್ಯಾಸಗಳ ನಡುವಿನ ವ್ಯತ್ಯಾಸ. ಬರೆದೆ.
ಬೀಜಸಂಖ್ಯೆ: ೫೭೭೫೦೧.
ನಮ್ಮೂರ ಪಿನ್‌ಕೋಡೇ. ನಾಳೆ ಯಾರು ಬಿತ್ತಿದರೂ
ಇದೇ ಬೆಳೆ ಬರಬೇಕಲ್ಲ.

‘ಉತ್ತರ ಸಿಗದ ನಲವತ್ತೊಂದು ಖಾನೆಗಳನ್ನು
ಅಂದಾಜಿನಿಂದ ತುಂಬಲಾಗಿದೆ.’
ಅದಕ್ಕೂ ಒಂದು ಪ್ಯಾಕೇಜು,
ಅದರ ಹೆಸರಿಗೂ ಒಂದು ಸಾಲು.

ಆಮೇಲೆ ಯಾಕೋ
ಪರಶುರಾಂಪುರದ ಕಟ್ಟು ಬಿಚ್ಚಿದೆ.
ಪ್ರಶ್ನೆ ಒಂಬತ್ತು: ಹಲ್ಲಿನ ಮೇಲೆ ಕಂದು ಕಲೆ ಇದೆಯೇ?
ಖಾನೆ ಖಾಲಿ. ಪಕ್ಕದಲ್ಲಿ
ಸಮೀಕ್ಷೆಗೆ ಹೋಗಿದ್ದ ಬೋರಕ್ಕನ ಗುಂಡನೆಯ ಅಕ್ಷರ:
‘ಹೇಳಲಿಲ್ಲ. ಸೆರಗು ಬಾಯಿಗಿಟ್ಟು ನಕ್ಕಳು.’

ತುಂಬಿದ್ದ ಅಂದಾಜು ಅಳಿಸಿ
ಒಂದು ಖಾನೆ ಮತ್ತೆ ಖಾಲಿ ಮಾಡಿದೆ. ನಲವತ್ತು.
ಟಿಪ್ಪಣಿ ಹದಿನಾಲ್ಕು, ಸಣ್ಣಕ್ಷರದಲ್ಲಿ:
‘ಬೋರಕ್ಕ, ಅಂಚಿನ ಬರಹ, ಪೆನ್ಸಿಲ್.’

ಸಾಹೇಬರು ಕನ್ನಡಕ ಏರಿಸಿ ಕೇಳಿದರು:
‘ಇದ್ಯಾವ ಸಾಫ್ಟ್‌ವೇರಪ್ಪ?’
ಪರಶುರಾಂಪುರದ್ದು ಸಾರ್, ಅಂದೆ.