ಕಾರಣ ಎಂಬ ಕಾಲಂ

ಎತ್ತಿನ ಬಾಲ ಹಿಡಿದು ಬುಡದಿಂದ ಎಣಿಸುತ್ತೇನೆ:
ಗಂಟು, ಗಂಟು, ನೆಟ್ಟಗಿನ ಒಂದು ಮಣಿ, ಮತ್ತೆ ಗಂಟು.
ಏಳು ಕಡೆ ಮುರಿದು ತಾನಾಗೇ ಕೂಡಿಕೊಂಡ ಮೂಳೆ,
ತುದಿಯದು ಇನ್ನೂ ಬಿಸಿ.
"ಗೂಟಕ್ಕೆ ಸಿಕ್ಕಾಕ್ಕಂಡಿತ್ತು ಕಣವ್ವ," ಅನ್ನುತ್ತಾನೆ ಈರಾಜ.
ಏಳು ಸಲವೂ?
ಕೇಳುವುದಿಲ್ಲ.

ಹೊಳೆನರಸೀಪುರದ ಈ ಕುರ್ಚಿಯಲ್ಲಿ
ನನಗಿಂತ ಮುಂಚೆ ಕೂತವರು ಒಮ್ಮೆ ಬರೆದರಂತೆ,
ಠಾಣೆಗೂ ಹೋದರಂತೆ.
"ಸಾಕ್ಷಿ ಯಾರು ಸಾರ್, ಎತ್ತಾ?"
ನಕ್ಕು ಚಾ ತರಿಸಿದರಂತೆ.
ಆಮೇಲೆ ಆ ಊರಿಂದ ಒಂದು ಕರುವೂ ಇತ್ತ ಬರಲಿಲ್ಲ,
ಕಾಲುಬಾಯಿ ಜ್ವರದ ವರ್ಷವೂ.
ಇದನ್ನೆಲ್ಲ ಕಾಂಪೌಂಡರ್ ಸೋಮಾಚಾರಿ
ಹತ್ತಿ ಹರಿಯುತ್ತ ಹೇಳಿದ್ದು,
ನನ್ನ ಕಡೆ ನೋಡದೆ.

ಈರಾಜ ಗಂಗೆದೊಗಲು ತುರಿಸುತ್ತಾನೆ.
ಮರಳುಗಾಡಿ ಎಳೆದೆಳೆದು ಹೆಗಲು ಸುಲಿದ ಎತ್ತು
ಕಣ್ಣು ಮುಚ್ಚಿ ಕತ್ತು ನೀಡುತ್ತದೆ
ಅದೇ ಕೈಗೆ.
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಮುಲಾಮು ಕೊಟ್ಟೆ.
"ಎಂಟು ದಿನ ಬಿಟ್ಟು ಹೊಡ್ಕೊಂಡು ಬಾ," ಅಂದೆ.
ಹೊಡ್ಕೊಂಡು.
ನಾಲಿಗೆಯೂ ಅವನ ಕಡೆಯದೇ.

ರಿಜಿಸ್ಟರಿನಲ್ಲಿ, ಕಾರಣ: ಖಾಲಿ ಬಿಟ್ಟಿದ್ದೇನೆ.
ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ,
ಬರೀ ಒಂದು ಅಂಕಿ:
೭.