ಒಂದು ಗಂಟೆಗೆ ಎಷ್ಟು ಮಿಲಿಮೀಟರ್

ಬೆಳಿಗ್ಗೆ ಆರೂವರೆಗೆ ಬೋರೇಶ ಬರುತ್ತಾನೆ.
ಹೆಲ್ಮೆಟ್ ತೆಗೆಯುವ ಮೊದಲೇ ಕೇಳುತ್ತಾನೆ:
'ಏನೂ ತಿಂದಿಲ್ಲ ತಾನೆ ಆಂಟಿ?'
ಇದಕ್ಕೆ ಉಪವಾಸ ಬೇಡವೆಂದು ಅವನಿಗೂ ಗೊತ್ತು, ನನಗೂ ಗೊತ್ತು.
ಬಾಯಿಗೆ ಬಂದ ಅಭ್ಯಾಸ.
ಎಡತೋಳಿಗೆ ರಬ್ಬರು ಬಿಗಿದು ನರ ಹುಡುಕುತ್ತಾನೆ
ಕರೆಂಟು ಹೋದ ಮನೆಯಲ್ಲಿ ಬೆಂಕಿಪೊಟ್ಟಣ ತಡಕುವವನ ಹಾಗೆ.
ನೇರಳೆ ಮುಚ್ಚಳದ್ದೊಂದು ಸೀಸೆ, ಹಳದಿಯದ್ದೊಂದು.
ಮೇಲೆ ಬರೆಯುತ್ತಾನೆ: ಫಿಲೋಮಿನಾ, ೬೭, ಹೆ.

ಮೂವತ್ತೊಂದು ವರ್ಷ ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲಿ
ಕಣ್ಣಿಗೆ ಭೂತಗಾಜು ಸಿಕ್ಕಿಸಿ ಕೂತವಳು ನಾನು.
ಕೂದಲೆಳೆಯ ಸ್ಪ್ರಿಂಗಿನ ಮುಂದೆ ಉಸಿರು ಬಿಗಿಹಿಡಿದವಳು.
ಧೂಳಿನ ಒಂದು ಕಣ ಒಳಗೆ ಹೋದರೆ
ವಾಚು ಕೂಡಲೇ ನಿಲ್ಲುವುದಿಲ್ಲ;
ಮೊದಲು ಸುಳ್ಳು ಹೇಳಲು ಕಲಿಯುತ್ತದೆ,
ದಿನಕ್ಕೆ ಅರ್ಧ ನಿಮಿಷ.

ಈಗ ನನ್ನ ಬಲಮಂಡಿಯೊಳಗೂ ಒಂದು ಫ್ಯಾಕ್ಟರಿಯ ಮಾಲು,
ಲೋಹ, ನಡುವೆ ಬಿಳಿ ಪ್ಲಾಸ್ಟಿಕ್ಕು.
ಹನ್ನೊಂದು ತಿಂಗಳು ಸರಿಯಾಗಿ ನಡೆಯಿತು,
ಚರ್ಚಿನ ಹದಿನಾಲ್ಕು ಮೆಟ್ಟಿಲನ್ನೂ ಹತ್ತಿದೆ.
ಆಮೇಲೊಂದು ರಾತ್ರಿ ಮಂಡಿ ಬೆಚ್ಚಗಾಯಿತು.
ನೋವಲ್ಲ. ಬೆಚ್ಚಗೆ,
ಯಾರೋ ಈಗಷ್ಟೇ ಎದ್ದುಹೋದ ಕುರ್ಚಿಯ ಹಾಗೆ.

ಮೆಡಿಕಲ್ ಶಾಪಿನವನು ಐದು ದಿನದ ಗುಳಿಗೆ ಕೊಟ್ಟ.
ಡಾಕ್ಟರ್ ಕಟ್ಟಿ ಆ ಖಾಲಿ ಸ್ಟ್ರಿಪ್ಪನ್ನು ಮೇಜಿನ ಮೇಲೆ ಮಗುಚಿಟ್ಟರು:
'ಯಾರು ಹೇಳಿದ್ದು ನಿಮಗೆ?
ಕಳ್ಳ ಸಿಗುವ ಮೊದಲೇ ಮನೆ ಗುಡಿಸಿಬಿಟ್ಟರೆ
ಹೆಜ್ಜೆಗುರುತು ಎಲ್ಲಿಂದ ತರಲಿ?'
ಸುಮ್ಮನಿದ್ದೆ. ಗುಡಿಸುವುದು ನನ್ನ ಚಟ.

ಮೊದಲ ಸಲ ಇಎಸ್‌ಆರ್ ಐವತ್ತೆಂಟು, ಸಿಆರ್‌ಪಿ ಹದಿನಾಲ್ಕು.
ಎರಡನೇ ಸಲ ನಲವತ್ತೊಂಬತ್ತು, ಒಂಬತ್ತು.
ಜಾಸ್ತಿ ಅನ್ನುವಷ್ಟಿಲ್ಲ, ಕಮ್ಮಿ ಅನ್ನಲು ಧೈರ್ಯವಿಲ್ಲ.
'ಹೊಗೆ ಕಾಣುತ್ತೆ,' ಅಂದರು ಡಾಕ್ಟರ್,
'ಯಾರ ಮನೆಯ ಒಲೆ ಅಂತ ರಕ್ತ ಹೇಳಲ್ಲ.
ಹಲ್ಲಿರಬಹುದು, ನೆಗಡಿಯಿರಬಹುದು,
ನಿಮ್ಮ ಹಳೇ ಕೀಲುವಾತವೂ ಇರಬಹುದು.
ಇನ್ನು ರಕ್ತ ಸುಮ್ಮನಿದ್ದರೆ
ಮಂಡಿಯೊಳಗೆ ಯಾರೂ ಇಲ್ಲ ಅಂತಲೂ ಅಲ್ಲ.'

ಹೋದ ಸಲ ಬೋರೇಶನನ್ನು ಕೇಳಿದ್ದೆ:
ಐವತ್ತೆಂಟು ಅಂದರೆ ಏನಪ್ಪ, ಏನು ಐವತ್ತೆಂಟು?
'ಸಣ್ಣ ಗಾಜಿನ ಕೊಳವೆ ಆಂಟಿ. ನೆಟ್ಟಗೆ ನಿಲ್ಲಿಸ್ತೀವಿ.
ಕೆಂಪು ಕಣ ತಾನಾಗೇ ಕೆಳಗೆ ಕೂರುತ್ತೆ.
ಒಂದು ಗಂಟೆಗೆ ಎಷ್ಟು ಮಿಲಿಮೀಟರ್, ಅಷ್ಟೇ.
ಅಲ್ಲಾಡಬಾರದು, ವಾಲಬಾರದು.
ಪೀಣ್ಯದ ರೋಡಲ್ಲಿ ಲಾರಿ ಹೋದಾಗೆಲ್ಲ
ನಮ್ಮ ಮೇಡಂ ಮೇಜು ಹಿಡ್ಕೊಂಡು ಬಯ್ತಾರೆ.'

ನಗು ಬಂತು.
ಅವನು ಹೋದ ಮೇಲೆ ಆ ಮಾತು ನಿಧಾನವಾಗಿ ಒಳಗೆ ಕೂತಿತು.
ಒಂದು ಗಂಟೆ!
ಅದನ್ನು ನಾನೇ ಜೋಡಿಸಿ ಕಳಿಸಿದ್ದೇನಲ್ಲ,
ಊರೂರಿಗೆ, ಗುಮಾಸ್ತರ ಮುಂಗೈಗೆ, ಅಳಿಯಂದಿರ ಉಡುಗೊರೆಗೆ.
ನನ್ನ ರಕ್ತವೂ ಒಂದು ಮುಳ್ಳೆಂದು ಯಾರೂ ಹೇಳಿರಲಿಲ್ಲ,
ಮೇಲಿಂದ ಕೆಳಗೆ ಮಾತ್ರ ಇಳಿಯುವ ಮುಳ್ಳು.

ಇವತ್ತು ಮೂರನೇ ಸಲ.
ನಾಳಿದ್ದು ಮಂಡಿಗೇ ಸೂಜಿ. ಒಳಗಿನ ನೀರು ತೆಗೆದು
ಹದಿನಾಲ್ಕು ದಿನ ಬೆಚ್ಚಗಿಟ್ಟು ಕಾಯುತ್ತಾರಂತೆ,
ಏನಾದರೂ ಮೊಳೆಯುತ್ತದೋ ಎಂದು.
ಮೊಳೆಯಲಿ ಎಂದು ಬೇಡಲೋ, ಬೇಡವೆಂದೋ?
ಹೆಸರು ಸಿಕ್ಕಿದ್ದಕ್ಕೆ ಮದ್ದಿದೆ.
ಹೆಸರಿಲ್ಲದ್ದು ಸುಮ್ಮನೆ ಬೆಚ್ಚಗಿರುತ್ತದೆ.
ಸಿಕ್ಕರೆ ಬಿಚ್ಚಬೇಕಾದೀತು:
ಎಲ್ಲ ಹೊರತೆಗೆದು, ತೊಳೆದು, ಮತ್ತೆ ಕೂರಿಸಿ.
ಬಿಚ್ಚುವುದಕ್ಕೆ ಹೆದರಿದವಳಲ್ಲ ನಾನು,
ಬೇರೆಯವರದನ್ನು.

ಬೈಕಿನ ಸದ್ದು ಗೊರಗುಂಟೆಪಾಳ್ಯದ ಕಡೆ ಕರಗಿತು.
ಮೊಣಕೈಯಲ್ಲಿ ಹತ್ತಿ ಮಡಚಿಕೊಂಡೇ ಹಾಲು ಕಾಯಿಸಿದೆ.
ಏಳೂವರೆ. ಈಗ ಕೊಳವೆ ಸ್ಟ್ಯಾಂಡಿಗೆ ಏರಿರಬೇಕು.
ಕೆಳಗೆ ಸಿಮೆಂಟಿನ ಲಾರಿಯೊಂದು ತುಂಬಿಕೊಂಡು
ಪೀಣ್ಯದ ಕಡೆಗೇ ತಿರುಗಿತು.
'ಮೆಲ್ಲಗಪ್ಪಾ' ಅಂದೆ,
ಕಿಟಕಿಯ ಗಾಜಿಗೆ.